ಮಗ್ಗದ ಕುಣಿಯಲ್ಲಿ ಒಂದು ಸ್ಪ್ರಿಂಗು

ನಮ್ಮ ಸೋದರಮಾವನಂಥ ಅಂಜುಬುರುಕ ಇಡೀ ಹುನಗುಂದ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ! ಇಪ್ಪತ್ತು ವರ್ಷ ಫೌಜಿನಲ್ಲಿ ಬಂದೂಕು ರಿಪೇರಿ ಮಾಡಿದವನು, ಇಳಕಲ್ಲಿನ ಮನೆಗೆ ಬಂದವನೇ ಬಾಗಿಲಿಗೆ ಮೂರು ಚಿಲಕ ಹಾಕಿಸಿದ. ಕುಕ್ಕರ್ ಸೀಟಿ ಹೊಡೆದರೆ ಎಲ್ಲರನ್ನೂ ಅಂಗಳಕ್ಕೆ ಓಡಿಸುತ್ತಿದ್ದ. ಅತ್ತೆ ಸೀರೆ ನೇಯಲು ಕೂರುವ ಮೊದಲು ಮಗ್ಗದಡಿ ಕಾಲು ಇಳಿಬಿಡುವ ಕುಣಿಗೆ ತಾನೇ ಇಳಿದು ತಪಾಸಣೆ ಮಾಡಬೇಕು.

"ಅದರಾಗ ಹುಲಿ ಕುಂತೈತೇನ್ರಿ?" ಎಂದು ಅತ್ತೆ ರೇಗುತ್ತಿದ್ದಳು.

"ಹುಲಿ ಯಾಕ? ಚೇಳು ಸಾಲಂಗಿಲ್ಲೇನು?"

ಆದರೆ ಅವನ ಕೈ! ಕಣ್ಣಿಗೆ ಟವೆಲ್ ಕಟ್ಟಿಕೊಂಡು ಹೊಲಿಗೆ ಮಷಿನ್ನು ಬಿಚ್ಚಿ ಜೋಡಿಸುತ್ತಿದ್ದ. ಒಂದು ಬೆರಳೂ ನಡುಗುತ್ತಿರಲಿಲ್ಲ. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ಇಂಥ ಮಾವನ ಬಳಿಗೆ ಒಂದು ಮಧ್ಯಾಹ್ನ ನನ್ನ ಅಣ್ಣ ತನ್ನ ಲೈಸನ್ಸ್ ಪಿಸ್ತೂಲು ಹಿಡಿದು ಬಂದ. ನಮ್ಮಿಬ್ಬರಲ್ಲಿ ಹೊಲ ಪಾಲಾದ ಮೇಲೆ ಗ್ರಾನೈಟಿನ ಕೆಂಪು ಕಲ್ಲು ಸಿಕ್ಕಿದ್ದು ಬದುವಿನ ಈಚೆ, ನನ್ನ ಪಾಲಿನಲ್ಲಿ. ನಮ್ಮಿಬ್ಬರ ಮಾತು ನಿಂತು ಆರು ತಿಂಗಳಾಗಿತ್ತು. ಆ ಮುಂಜಾನೆ ನನ್ನ ಆಳುಗಳು ಬದುವನ್ನೇ ಅಗೆದಿದ್ದರು. ಮುಂದಿನ ಮಾತುಕತೆ ಅತ್ತೆ ನನಗೆ ಹೇಳಿದ್ದು.

"ಮಾಮಾ, ಕಂಪನ್ಯಾವ್ರು ಇದಕ್ಕ ಏನೇನೋ ಸೇಫ್ಟಿ ಇಟ್ಟಾರ. ಅವಸರಕ್ಕ ಅಡ್ಡ ಬರ್ತಾವು. ಎಲ್ಲಾ ತಗದುಬಿಡ್ರಿ."

"ಇಟ್ಟಾಂವ ಭಾಳ ಶ್ಯಾಣ್ಯಾ ಅದಾನೋ. ಯಾರ ಮ್ಯಾಲ ನಿನ್ನ ಅವಸರ?"

ಅಣ್ಣ ಪಿಸ್ತೂಲನ್ನು ಮಾವನ ಮುಂದೆ ಸರಿಸಿದ. ಮಾವ ಗುಂಡುಗಳನ್ನು ತೆಗೆದು ಎಲ್ಲಿಟ್ಟ ಗೊತ್ತೇ? ಜೋಳದ ಹಿಟ್ಟಿನ ಡಬ್ಬಿಯಲ್ಲಿ! ಆಮೇಲೆ ಪಿಸ್ತೂಲು ಬಿಚ್ಚಿ ಪೇಪರಿನ ಮೇಲೆ ಹರಡಿದ. ಸ್ವಲ್ಪ ಹೊತ್ತಿಗೆ, "ಅಯ್ಯಯ್ಯೋ, ಸ್ಪ್ರಿಂಗ್ ಹಾರಿ ಕುಣ್ಯಾಗ ಬಿತ್ತಲ್ಲೋ!" ಎಂದು ಕೂಗಿದ. ಇಸ್ತ್ರಿ ಅಂಗಿಯ ಅಣ್ಣ ಕುಣಿಗೆ ಇಳಿಯಲೇಬೇಕಾಯಿತು.

ಅಷ್ಟರಲ್ಲಿ ಮಾವ ನನಗೆ ಫೋನು ಮಾಡಿದ. "ಲಗೂನ ಬಾ. ಬ್ಯಾಟರಿ ತಗೊಂಡು ಬಾ." ಯಾಕೆ ಎಂದು ಕೇಳುವ ಮೊದಲೇ ಇಟ್ಟುಬಿಟ್ಟ. ನಾನು ಹುನಗುಂದದಿಂದ ಗಾಡಿ ಓಡಿಸಿಕೊಂಡು ಬಂದು, ಮಾವ ಅಂದಂತೆ ಕತ್ತಲ ಕುಣಿಗೆ ಇಳಿದರೆ, ಅಲ್ಲಿ ಅಣ್ಣ ಮೊಣಕಾಲೂರಿ ಕುಳಿತಿದ್ದಾನೆ! ಹೊರಗೆ ಹೋಗೋಣವೆಂದರೆ ಮೇಲೆ ಮಾವ ಅಡ್ಡ ನಿಂತಿದ್ದ.

ಆರು ತಿಂಗಳಲ್ಲಿ ಮೊದಲ ಸಲ ಅಣ್ಣ ನನ್ನೊಡನೆ ಮಾತಾಡಿದ: "ಬ್ಯಾಟರಿ ಈ ಕಡೆ ಹಿಡೀಲೇ."

ಹಿಡಿದೆ. ಮೂಲೆಯಲ್ಲಿ ಕಪ್ಪಗೆ ಏನೋ ಕಂಡು "ಚೇಳು!" ಎಂದು ಚೀರಿದೆ. ಅಣ್ಣ ನನ್ನನ್ನು ಹಿಂದಕ್ಕೆಳೆದು ತಾನು ಮುಂದೆ ನಿಂತ. ನೋಡಿದರೆ ರೇಷ್ಮೆ ನೂಲಿನ ಸಿಕ್ಕು! ಇಬ್ಬರೂ ಎಷ್ಟು ನಕ್ಕೆವೆಂದರೆ ಅಣ್ಣನ ಕಣ್ಣಲ್ಲಿ ನೀರು ಬಂತು. ಅದು ಬರೀ ನಗುವಿನ ನೀರಲ್ಲ ಎಂದು ನನಗೆ ಗೊತ್ತಾಯಿತು.

ಮೇಲೆ ಹತ್ತಿ ಬಂದ ಅಣ್ಣನನ್ನು ಅತ್ತೆ ರೊಟ್ಟಿ ತಿನ್ನಲು ಒಳಗೆ ಕರೆದಳು. ಆಗ ಮಾವ ತಾನು ಮೂಗಿಗೇರಿಸುವ ತಪಕೀರಿನ ಡಬ್ಬಿ ತೆರೆದು ನನ್ನ ಮುಂದೆ ಹಿಡಿದ. ಅದರೊಳಗೆ ಸ್ಪ್ರಿಂಗು!

"ಅಂವ ಇಲ್ಲಿಂದ ಸೀದಾ ನಿನ್ನ ಹೊಲಕ್ಕ ಹೊಂಟಿದ್ದ. ಬಂದೂಕಿಗೆ ನಾ ಅಂಜಂಗಿಲ್ಲಪಾ. ನಾಳೆ ನಮ್ಮಕ್ಕಗ ಏನಂತ ಹೇಳಲಿ ಅಂತ..."

ಡಬ್ಬಿ ಹಿಡಿದ ಕೈ ಗಡಗಡ ನಡುಗುತ್ತಿತ್ತು. ತಪಕೀರು ಅಂಗಿಯ ಮೇಲೆಲ್ಲ ಚೆಲ್ಲಿತ್ತು. ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ನನಗೆ ಅಳು ಬಂತು.

ಒಳಗಿನಿಂದ ಅಣ್ಣ ಕೇಳಿದ: "ಸಿಕ್ತೇನ್ರಿ ಮಾಮಾ?"

"ಇಲ್ಲೋ ಅಣ್ಣಾ," ಎಂದೆ ನಾನು. "ನೀ ಉಣ್ಣು. ನಾವು ಇನ್ನೂ ಹುಡುಕಾಕತ್ತೇವಿ."