ವಿಭೂತಿ ಹಚ್ಚಿಸಿಕೊಂಡ ರೆಕಾರ್ಡು

ಎರಡನೆಯ ಸಲ ಸಿಗುವ ಯಾವುದನ್ನೂ ಬಿಡುವ ಸ್ವಭಾವ ನನ್ನದಲ್ಲ. ಪಂಕ್ತಿಯಲ್ಲಿ ಹುಗ್ಗಿ ಎರಡನೆಯ ಸಲ ಬಂದರೆ ಕೈ ಅಡ್ಡ ಹಿಡಿಯುವವನಲ್ಲ. ಬಿಎ ಪಾಸಾಗಿದ್ದೂ ಎರಡನೆಯ ಪ್ರಯತ್ನದಲ್ಲೇ. ಹೀಗಿರುವಾಗ, ನಾನು ಹುಡುಗನಾಗಿದ್ದಾಗ ಹುಚ್ಚು ಹಿಡಿಸಿದ್ದ ಅಮೆರಿಕದ ಒಬ್ಬ ರ‍್ಯಾಪ್ ಹಾಡುಗಾರನ ಹಳೆಯ ಆಲ್ಬಮ್ಮು, ಬಿಡಿ ಹಾಡುಗಳೆಲ್ಲ ಈಗ ಮತ್ತೆ ಕಪ್ಪು ರೆಕಾರ್ಡುಗಳಾಗಿ ಅಚ್ಚಾಗಿ ಬರುತ್ತಿವೆ ಎಂದು ಮೊಬೈಲಿನಲ್ಲಿ ಓದಿದ ಮೇಲೆ ಸುಮ್ಮನಿರುವುದು ಹೇಗೆ? ಅವನ ಹೆಸರು ಹೇಳುವುದಿಲ್ಲ. ನಾನು ಇಂಗ್ಲಿಷ್ ಕಲಿಸುವ ಚಿತ್ತಾಪುರದ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಹೇಳಿದ್ದೆ. ಗಣಿತದ ಮೇಷ್ಟ್ರು ಅದು ಯಾವ ಬೇನೆಗೆ ಕೊಡುವ ಗುಳಿಗೆ ಎಂದು ವಿಚಾರಿಸಿದರು.

ಇಂಥ ಹಾಡು ಶಹಾಬಾದಿನ ಹುಡುಗನಿಗೆ ಸಿಕ್ಕಿದ್ದು ವಾಡಿ ಜಂಕ್ಷನ್ನಿನ ದಯೆಯಿಂದ. ಸ್ಟೇಷನ್ನಿನ ಎದುರಿಗೆ ಒಂದು ಕ್ಯಾಸೆಟ್ ಅಂಗಡಿಯಿತ್ತು. ಮುಂಬೈಯಿಂದ ಮದ್ರಾಸಿಗೆ ಹೊರಟಿದ್ದ ಯಾರೋ ಹುಡುಗ ಚಹಾ ಕುಡಿಯಲು ಇಳಿದವನು ಅಲ್ಲಿ ತನ್ನ ಕ್ಯಾಸೆಟ್ ಮರೆತು ಗಾಡಿ ಹತ್ತಿಬಿಟ್ಟನಂತೆ. ಅಂಗಡಿಯವನು ಅದನ್ನು ಒಂದು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ನನಗೂ ನನ್ನ ಗೆಳೆಯ ಮಲ್ಲಣ್ಣನಿಗೂ ಸೇರಿಸಿ ಮಾರಿದ. ಖಾಲಿ ಕ್ಯಾಸೆಟ್ಟಿನ ಟೇಪು ಒಂದಿಷ್ಟು ಗಿಡ್ಡ. ಹೀಗಾಗಿ ಮೊದಲ ಬದಿಯ ಕೊನೆಯ ಹಾಡು, ಇನ್ನೇನು ಕೊನೆಯ ಪದ್ಯ ಶುರುವಾಗಬೇಕು ಎನ್ನುವಾಗ ಟಕ್ಕೆಂದು ನಿಲ್ಲುತ್ತಿತ್ತು. ಆ ಪದ್ಯದಲ್ಲಿ ಏನಿದೆ ಎಂಬುದು ನಮಗೆ ತಿಳಿಯಲೇ ಇಲ್ಲ.

ಮಲ್ಲಣ್ಣನಿಗೆ ಹಾಡು ಅರ್ಧಕ್ಕೆ ನಿಲ್ಲುವುದು ಸೇರುತ್ತಿರಲಿಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರುತ್ತಿದ್ದ ಅವನ ಅಪ್ಪನ ಅಂಗಳದಲ್ಲಿ, ಒಟ್ಟಿದ ಶಹಾಬಾದಿ ಕಲ್ಲುಗಳ ಮೇಲೆ ಕೂತು ಕೇಳುತ್ತಿದ್ದೆವು. ಟೇಪು ನಿಂತ ಕೂಡಲೆ ಅವನು ಕಲ್ಲಿನ ಮೇಲೆ ಬೆರಳಗಂಟಿನಿಂದ ಅದೇ ತಾಳ ಹಾಕುತ್ತ ತನ್ನದೇ ಒಂದು ಪದ್ಯ ಶುರು ಮಾಡುತ್ತಿದ್ದ. ಕಲ್ಲು, ಬಿಸಿಲು, ವಾಡಿಯಲ್ಲಿ ನಿಲ್ಲುವ ಗಾಡಿ, ಚಂದಾಪುರದ ಸಂತೆ, ನಾಲವಾರದ ಮಠದ ಪ್ರಸಾದ ಎಲ್ಲ ಅದರೊಳಗೆ ಬರುತ್ತಿದ್ದವು. ನಡುನಡುವೆ ಉರ್ದು ಬೆರೆಯುತ್ತಿತ್ತು. ಸೇಡಂ ಕಡೆಯ ಅತ್ತೆಯ ಮಾತು ಬಂದರೆ ತೆಲುಗೂ ಇಣುಕುತ್ತಿತ್ತು. ನಾನು ನಗುತ್ತಿದ್ದೆ, ಆದರೆ ಪೂರ್ತಿ ಕೇಳುತ್ತಿರಲಿಲ್ಲ. ಕ್ಯಾಸೆಟ್ ಹೊರತೆಗೆದು ಎರಡನೆಯ ಬದಿಗೆ ತಿರುವಿ ಹಾಕುವ ಗಡಿಬಿಡಿ ನನಗೆ.

ಸುಮಾರು ಮೂವತ್ತು ವರ್ಷಗಳ ಮೇಲೆ ಆ ಆಲ್ಬಮ್ಮು ರೆಕಾರ್ಡಾಗಿ ಬಂದಾಗ ನನ್ನ ಆಸೆ ಒಂದೇ. ಕೊನೆಯ ಪದ್ಯವನ್ನು ಮಲ್ಲಣ್ಣನ ಪಕ್ಕದಲ್ಲಿ ಕೂತು ಕೇಳಬೇಕು. ಅವನೀಗ ಕಲ್ಲು ಪಾಲಿಶ್ ಮಾಡುವ ಎರಡು ಮಷೀನುಗಳ ಧಣಿ. ದಿನವಿಡೀ ಅವುಗಳ ಗದ್ದಲದಲ್ಲಿದ್ದು, ಪಿಸುಮಾತನ್ನೂ ಬೀದಿಗೆಲ್ಲ ಕೇಳುವಂತೆ ಆಡುತ್ತಾನೆ. ಒಂದೇ ಊರಿನಲ್ಲಿದ್ದರೂ ನಾವು ಭೇಟಿಯಾಗುವುದು ಮದುವೆಗಳಲ್ಲಿ, ಯಾರಿಗಾದರೂ ಮಣ್ಣು ಕೊಡುವಾಗ ಮಾತ್ರ. ಭಾನುವಾರ ಊಟಕ್ಕೆ ಬಾ ಎಂದು ಫೋನು ಮಾಡಿದೆ. ರೆಕಾರ್ಡು, ಅದನ್ನು ನುಡಿಸುವ ಪೆಟ್ಟಿಗೆಯಂಥ ಯಂತ್ರ ಎರಡೂ ಶುಕ್ರವಾರವೇ ಬಂದವು.

ನಾನು ಶಾಲೆಯಲ್ಲಿದ್ದಾಗ ಪಾರ್ಸಲ್ ಇಳಿಸಿಕೊಂಡವಳು ನನ್ನ ಹೆಂಡತಿ ಮಹಾದೇವಿ. ನಮ್ಮ ಮನೆಗೆ ಹೊಸ ವಸ್ತು ಬಂದರೆ ಅದಕ್ಕೆ ವಿಭೂತಿ ಹಚ್ಚಿ ಕೈ ಮುಗಿಯುವುದು ರೂಢಿ. ಸ್ಕೂಟರಿಗೆ ಹಚ್ಚಿದ್ದೇವೆ, ಮಿಕ್ಸರಿಗೆ ಹಚ್ಚಿದ್ದೇವೆ, ಗೀಸರಿಗೆ ಸ್ಟೂಲು ಹತ್ತಿ ಹಚ್ಚಿದ್ದೇವೆ. ಯಂತ್ರಕ್ಕೆ ಹಚ್ಚಿದ ಮೇಲೆ ರೆಕಾರ್ಡನ್ನು ಬಿಡುವುದು ಅವಳಿಗೆ ಸರಿ ಕಾಣಲಿಲ್ಲ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ, ಸರಿಯಾಗಿ ಮೊದಲನೆಯ ಬದಿಯ ಗೆರೆಗಳ ಮೇಲೆ ಅಡ್ಡಡ್ಡ ಎಳೆದಿದ್ದಳು. ಸಂಜೆ ನೋಡಿದರೆ ರೆಕಾರ್ಡು ನನಗಿಂತ ದೊಡ್ಡ ಶರಣನ ಹಾಗೆ ಕಂಗೊಳಿಸುತ್ತಿತ್ತು.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅವಳು, "ಹೊಸಾ ಸಾಮಾನು ಮನಿಗಿ ಬಂದದ, ವಿಭೂತಿ ಹಚ್ಚದೆ ಹ್ಯಾಂಗ ಒಳಗ ಇಡ್ಲಿರಿ? ಹಚ್ಚಬ್ಯಾಡ ಅಂತ ಮೊದ್ಲೇ ಹೇಳಬೇಕಿತ್ತು," ಎಂದಳು. ಅದೂ ಸರಿಯೇ. ರೆಕಾರ್ಡಿಗೆ ವಿಭೂತಿ ಹಚ್ಚಬೇಡ ಎಂದು ಹೆಂಡತಿಗೆ ಮೊದಲೇ ಹೇಳಿಡುವ ದೂರದೃಷ್ಟಿ ನನಗಿರಲಿಲ್ಲ.

ಇಲ್ಲಿಯವರೆಗಿನ ತಪ್ಪು ಭಕ್ತಿಯದು. ಮುಂದಿನದು ಪೂರ್ತಿ ನನ್ನದು. ಶನಿವಾರ ರೆಕಾರ್ಡನ್ನು ಹದವಾಗಿ ತೊಳೆದು, ಒಣಗಲೆಂದು ಮಾಳಿಗೆಯ ಕಲ್ಲಿನ ಮೇಲಿಟ್ಟೆ. ಅದು ಏಪ್ರಿಲ್ ತಿಂಗಳು. ನಮ್ಮೂರಲ್ಲಿ ಏಪ್ರಿಲ್ ತಿಂಗಳ ಮಾಳಿಗೆ ಎಂದರೆ ಸಂಡಿಗೆಗೂ ಬೇಗ ಇಳಿಸಿ ಎನ್ನಿಸುವಂಥದ್ದು. ಪೇಪರು ಓದಿ ಮುಗಿಸಿ ಹತ್ತಿ ನೋಡಿದರೆ ರೆಕಾರ್ಡಿನ ಅಂಚು ಹಪ್ಪಳದ ಹಾಗೆ ಮೇಲೆದ್ದಿತ್ತು. ಅಳು ಬಂತು. ಐವತ್ತರ ಹತ್ತಿರ ಬಂದವನು ಹಾಡಿಗಾಗಿ ಅಳುವುದೇ ಎಂದು ನಾಚಿಕೆಯೂ ಆಯಿತು.

ಭಾನುವಾರ ಬೆಳಿಗ್ಗೆ ಮಲ್ಲಣ್ಣನಿಗೆ ವಿಷಯ ತಿಳಿಸಿದೆ. ಅವನು ಪಾಲಿಶ್ ಮಾಡಿದ ಎರಡು ಫರ್ಸಿಗಳನ್ನು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹಾಕಿಕೊಂಡೇ ಬಂದ. ರೆಕಾರ್ಡನ್ನು ತಿರುಗಿಸಿ ನೋಡಿ, "ಏನೋ ಮಾಸ್ತರ, ತವಾದ ಮ್ಯಾಲ ಇಟ್ಟಿದ್ದೇನು?" ಎಂದ. ಕಲ್ಲುಗಳನ್ನು ಬಿಸಿಲಿಗೆ ಸ್ವಲ್ಪ ಬೆಚ್ಚಗೆ ಮಾಡಿ, ನಡುವೆ ರೆಕಾರ್ಡಿಟ್ಟು ಒತ್ತಿದೆವು. ಊಟ ಮುಗಿಸಿ ತೆಗೆದಾಗ ನಡುಭಾಗ ಸಪಾಟಾಗಿತ್ತು, ಅಂಚು ಮಾತ್ರ ಹಟ ಬಿಟ್ಟಿರಲಿಲ್ಲ. ಮೊದಲ ಹಾಡುಗಳ ಮೇಲೆ ಸೂಜಿ ಜಿಗಿದಾಡಿತು. ಆದರೆ ಬದಿಯ ಕೊನೆಯ ಹಾಡು ಇರುವುದು ಒಳಭಾಗದಲ್ಲಿ. ನಮಗೆ ಬೇಕಾಗಿದ್ದುದೂ ಅದೇ.

ಹಾಡು ಶುರುವಾಯಿತು. ವಿಭೂತಿಯ ಕರಕರ ಸದ್ದು ಅಲ್ಲಲ್ಲಿ ಇತ್ತು. ಟೇಪು ನಿಲ್ಲುತ್ತಿದ್ದ ಜಾಗ ಬಂದಾಗ ಇಬ್ಬರೂ ಯಂತ್ರದ ಕಡೆಗೆ ಬಗ್ಗಿದೆವು. ಈ ಸಲ ನಿಲ್ಲಲಿಲ್ಲ. ಆ ಪುಣ್ಯಾತ್ಮ ಕೊನೆಯ ಪದ್ಯದ ತುಂಬ ತನ್ನ ಓಣಿಯ ಗೆಳೆಯರ ಹೆಸರುಗಳನ್ನು ಹೇಳಿ, ಎಲ್ಲರಿಗೂ ಧನ್ಯವಾದ ಎಂದು ಮುಗಿಸಿಬಿಟ್ಟ. ನಮ್ಮ ಲಗ್ನಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರ ಸಾಲು ಇರುತ್ತದಲ್ಲ, ಹಾಗೆ. ಬೇರೇನೂ ಇರಲಿಲ್ಲ.

ಮಲ್ಲಣ್ಣ ತನ್ನ ಮಟ್ಟಿಗೆ ಮೆಲ್ಲಗೆ, "ಇಷ್ಟೇನಾ? ನಂದೇ ಛಲೋ ಇತ್ತಲ್ಲೋ," ಎಂದ. ಹಾಗಾದರೆ ನಿನ್ನದನ್ನೇ ಹೇಳು ಎಂದೆ. ಎಲ್ಲಿ ನೆನಪಿದೆ ಎಂದು ನಕ್ಕ. ಆದರೆ ಪಕ್ಕದಲ್ಲಿ ಫರ್ಸಿಯಿತ್ತು, ಕೈ ತಾನಾಗಿಯೇ ಅದರ ಮೇಲೆ ಹೋಯಿತು. ಬೆರಳಗಂಟಿನ ತಾಳ ಹಿಡಿದು ಶುರು ಮಾಡಿದ:

"ಕಲ್ಲಿನ ಮನಿ, ಕಲ್ಲಿನ ಛತ್ತು, ಕಲ್ಲ ಮ್ಯಾಲ ಊಟ,
ನಮ್ಮೂರ ಬಿಸಲಿಗಿ ಅಂಜಿ ಸೂರ್ಯಾನೇ ಕಿತ್ತಾನ ಓಟ..."

ಅಷ್ಟರಲ್ಲಿ ಹಾಡು ಮುಗಿದ ರೆಕಾರ್ಡಿನ ಮೇಲೆ ಸೂಜಿ ಕರ್ರ್ ಕರ್ರ್ ಎಂದು ತಿರುಗುತ್ತಿತ್ತು. ಹೊಸ ಸೂಜಿ ಹಾಳಾದೀತೆಂದು ನಾನು ಎದ್ದೆ. ಬಗ್ಗಿ, ಹುಷಾರಾಗಿ ಅದನ್ನು ಎತ್ತಿ, ಊದಿ, ಅದರ ಜಾಗದಲ್ಲಿ ಕೂಡಿಸಿ ತಿರುಗುವ ಹೊತ್ತಿಗೆ ಬೆನ್ನ ಹಿಂದೆ ಪದ್ಯ ಎಲ್ಲೆಲ್ಲೋ ಹೋಗಿ ಬಂದು, "ಮುಂಬೈ ಗಾಡಿ ವಾಡ್ಯಾಗ ನಿಂತು ಕೇಳಾಕತ್ತದ..." ಎಂಬಲ್ಲಿ ನಿಂತಿತ್ತು.

"ಮುಂದ?" ಎಂದೆ.

"ಹೋಯ್ತು ಬಿಡು," ಎಂದ. "ಏನೋ ಬಂದಿತ್ತು, ಹೋಯ್ತು."

ನಡುವೆ ಹೇಳಿದ್ದನ್ನಾದರೂ ಇನ್ನೊಮ್ಮೆ ಹೇಳು ಎಂದು ಬೇಡಿಕೊಂಡೆ. ಮೊಬೈಲನ್ನೂ ತಂದು ಎದುರಿಗೆ ಹಿಡಿದೆ. ಅವನು ಕಲ್ಲು ಬಡಿದ, ಗಂಟಲು ಸರಿಮಾಡಿಕೊಂಡ, ನಕ್ಕ. ಏನೂ ಬರಲಿಲ್ಲ. ಫರ್ಸಿಗಳನ್ನು ಗಾಡಿಯಲ್ಲಿ ಹಾಕಿಕೊಂಡು ಹೋದ.

ಆ ಹಾಡುಗಾರನ ಬಿಡಿ ಹಾಡುಗಳೂ ಬರಲಿವೆ ಎಂದು ಮೊಬೈಲಿಗೆ ಸಂದೇಶ ಬಂದಿದೆ. ಅವನು ಕೆಮ್ಮಿದ್ದನ್ನೂ ಬಿಡದೆ ಮತ್ತೆ ಅಚ್ಚು ಹಾಕುತ್ತಿದ್ದಾರೆ. ಸಂಜೆ ಮಹಾದೇವಿ ಯಂತ್ರದ ಧೂಳು ಒರೆಸುತ್ತ, "ಆ ಇಂಗ್ಲಿಷಿನವಂದು ನಂಗ ತಿಳೀಲಿಲ್ಲ. ಮಲ್ಲಣ್ಣಾರು ಹೇಳಿದ್ದು ಭಾಳ ಛಲೋ ಇತ್ತು. ಅದರದೊಂದು ರೆಕಾರ್ಡು ತರಿಸ್ರಿ, ಅದಕ್ಕ ವಿಭೂತಿ ಹಚ್ಚಂಗಿಲ್ಲ," ಎಂದಳು.

ಅದು ಸಿಗುವುದಿಲ್ಲ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ, ಆ ಹಾಡು ಎರಡು ಸಲ ಬಂದಿತ್ತು, ಒಂದು ಸಲ ನಾನು ಕ್ಯಾಸೆಟ್ ತಿರುವುತ್ತಿದ್ದೆ, ಇನ್ನೊಂದು ಸಲ ಸೂಜಿ ಎತ್ತುತ್ತಿದ್ದೆ ಎಂದು ಹೇಳಬೇಕಾಗುತ್ತಿತ್ತು.