ಒಂದು ಅಂಕಕ್ಕೆ ಸೀದ ಕೊಪ್ಪರಿಗೆ

ಮಾನ್ಯ ಉತ್ತರಪತ್ರಿಕೆ ತಿದ್ದುವ ಮಹನೀಯರೇ,

ಸ್ವಾರೆಸ್ ನದಿಯ ಈಚೆ ದಂಡೆಯ ಆಲೆಮನೆಯಿಂದ, ಕೈಯ ಅಂಟನ್ನು ಎರಡೆರಡು ಸಲ ತೊಳೆದುಕೊಂಡು, ಎರ್ಸಿಲಿಯಾ ಪಿನ್ಸೋನ್ ಎಂಬ ನಾನು ಮಾಡುವ ಸವಿನಯ ನಮಸ್ಕಾರಗಳು. ತಾವೂ ತಮ್ಮ ಕೆಂಪು ಪೆನ್ನೂ ಕ್ಷೇಮವೆಂದು ನಂಬಿದ್ದೇನೆ.

ಮೂವತ್ತೊಂದು ವರ್ಷದಿಂದ ಇಲ್ಲಿ ಬೆಲ್ಲದ ಹದ ನೋಡುವವಳು ನಾನೇ. ಈ ವರ್ಷ ನಮ್ಮ ಬೆಲ್ಲ ತಯಾರಕರ ಸಂಘಕ್ಕೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿ, ಶಾಲೆ ಪಾಸಾದ ಸರ್ಟಿಫಿಕೇಟ್ ಇಲ್ಲದವರು ಕೊಪ್ಪರಿಗೆಯ ಮುಂದೆ ನಿಲ್ಲಕೂಡದೆಂದು ಅದು ಠರಾವು ಮಾಡಿತು. ಆಲೆಮನೆಯ ಯಜಮಾನ ದೋನ್ ಪ್ಲೀನಿಯೊ ತಲೆ ಕೆರೆದುಕೊಂಡು, "ದೋನ್ಯಾ ಎರ್ಸಿಲಿಯಾ, ಅದೊಂದು ಕಾಗದ ತಂದ್ಬಿಡಿ, ಸೌಟು ನಿಮ್ದೇ" ಎಂದರು. ಐವತ್ತೆರಡನೆಯ ವಯಸ್ಸಿನಲ್ಲಿ, ಮೊಣಕಾಲು ತೂರದ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದೆ. ತಮ್ಮ ದಯೆಯಿಂದ ಒಂದೇ ಒಂದು ಅಂಕಕ್ಕೆ ಫೇಲಾದೆ.

ಬೆಲ್ಲದ ನೀರು ಯಾವ ಬಗೆಯ ಮಿಶ್ರಣ ಎಂದು ಕೇಳಿದ್ದಕ್ಕೆ "ಚೀಸ್ ಅದ್ದಿಕೊಂಡರೆ ಬೆಳಗಿನ ತಿಂಡಿ" ಎಂದು ಬರೆದದ್ದು ನನ್ನದೇ ತಪ್ಪು, ಒಪ್ಪಿದೆ. ಘನ, ದ್ರವ, ಅನಿಲಗಳಿಗೆ ಉದಾಹರಣೆಯಾಗಿ ಅಚ್ಚಿನ ಬೆಲ್ಲ, ಕೊಪ್ಪರಿಗೆಯ ಪಾಕ, ನನ್ನ ತಲೆಗೂದಲನ್ನು ದಿನವಿಡೀ ನೆನೆಸುವ ಹಬೆ ಎಂದು ಬರೆದಾಗ ತಾವು ಪೂರ್ತಿ ಅಂಕ ಕೊಟ್ಟಿರಿ, ಆ ಉಪಕಾರ ಮರೆಯಲಾರೆ. ಆದರೆ ಅಯ್ಯೋ, ಆ ಒಂಬತ್ತನೆಯ ಪ್ರಶ್ನೆ! ಸಕ್ಕರೆಯನ್ನು ಕಾಯಿಸಿದರೆ ಆಗುವುದು ಭೌತಿಕ ಬದಲಾವಣೆಯೋ, ರಾಸಾಯನಿಕವೋ? "ಪಾಕದ ಎಳೆ ತಣ್ಣೀರಿನಲ್ಲಿ ಟಕ್ಕನೆ ಮುರಿಯುವ ತನಕ ಭೌತಿಕ, ಆಮೇಲೂ ಒಲೆಯ ಮೇಲೇ ಬಿಟ್ಟರೆ ರಾಸಾಯನಿಕ, ದೇವರೇ ಗತಿ" ಎಂದು ಬರೆದೆ. ತಾವು ಅದಕ್ಕೊಂದು ದುಂಡನೆಯ ಸೊನ್ನೆ ಸುತ್ತಿ, "ಭೌತಿಕ. ಕರಗುತ್ತದೆ, ತಣಿದರೆ ಮೊದಲಿನಂತಾಗುತ್ತದೆ" ಎಂದು ಪಕ್ಕದಲ್ಲಿ ತಿದ್ದಿದ್ದೀರಿ. ಎಂಥ ಮುದ್ದಾದ ಅಕ್ಷರ!

ತಮ್ಮ ಈ ಉತ್ತರವನ್ನೇ ಚಾಚೂ ತಪ್ಪದೆ ಬರೆದು ಪಾಸಾದ ಯೇಸಿದ್ ಎಂಬ ಮಹಾಶಯನ ಕೈಗೆ ಕಳೆದ ಗುರುವಾರ ನನ್ನ ಸೌಟು ಬಂತು. ಎಳೆ ಮುರಿಯಿತು. ಬಾಗಿಲಲ್ಲಿ ನಿಂತಿದ್ದ ನಾನು, "ಹದ ಬಂತು, ಪಾಕ ತೆಗಿಯೋ ಮಾರಾಯ!" ಎಂದು ಕಿರುಚಿದೆ. "ಗಾಬರಿಯಾಗ್ಬೇಡಿ ದೋನ್ಯಾ, ಬರೀ ಭೌತಿಕ" ಎಂದ. ಐದೇ ನಿಮಿಷದಲ್ಲಿ ಎದ್ದ ಹೊಗೆಗೆ ಕಬ್ಬು ಹೊತ್ತು ತಂದ ಹೇಸರಗತ್ತೆಗಳೂ ಮುಖ ತಿರುಗಿಸಿದವು. ಪಾಕ ತಣಿದು ಐದು ದಿನವಾಯಿತು. ಅದು ಮೊದಲಿನಂತಾಗಲೆಂದು ಪಾಪ, ಆತ ಇನ್ನೂ ಕಾಯುತ್ತಿದ್ದಾನೆ. ಸುಳ್ಳೇಕೆ, ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನ ಕೊಪ್ಪರಿಗೆಯ ತಳ ನೋಡಿದೆ, ಹೊಟ್ಟೆ ಉರಿದುಹೋಯಿತು.

ಆದಕಾರಣ ಆ ಒಂದು ಅಂಕವನ್ನು ದಯಪಾಲಿಸಿ ನನ್ನನ್ನು ಒಲೆಯ ಮುಂದಕ್ಕೆ ಮರಳಿಸಬೇಕಾಗಿ ಕೋರುತ್ತೇನೆ. ಅದು ನಿಯಮದಲ್ಲಿಲ್ಲವೆಂದಾದರೆ, ಎಷ್ಟೇ ಕಾಯಿಸಿದರೂ ಸೀಯಕೂಡದೆಂದು ಸಕ್ಕರೆಗೇ ಒಂದು ಸುತ್ತೋಲೆ ಹೊರಡಿಸಿ, ಮೊಹರು ಹಾಕಿಸಿ.

ಸದ್ಯಕ್ಕೆ ಸೌಟಿಲ್ಲದ, ಆದರೂ ತಮ್ಮ ವಿಶ್ವಾಸಿ,
ಎರ್ಸಿಲಿಯಾ ಪಿನ್ಸೋನ್

ತಾ.ಕ.: ಇದರೊಂದಿಗೆ ಎರಡು ಉಂಡೆ ಕಳಿಸಿದ್ದೇನೆ. ಹೊಂಬಣ್ಣದ್ದು ನನ್ನ ಕೈಯದು, ನೀರಿಗೆ ಹಾಕಿ ಕುಡಿಯಿರಿ. ಕರಿಯದು ತಮ್ಮ ಉತ್ತರ. ಅದನ್ನು ಮೊದಲಿನಂತೆ ಮಾಡಿ ಕಳಿಸಿಕೊಟ್ಟರೆ, ಆ ಒಂದು ಅಂಕ ತಮ್ಮಲ್ಲೇ ಇರಲಿ.