ಎರವಲು ಬೆತ್ತ

ಹತ್ತಿ ಮೇಷ್ಟ್ರಿಗೆ ಸಿಟ್ಟು ಇರಲಿಲ್ಲ.

ಬೇರೆಯವರಲ್ಲಾದರೆ ಅದನ್ನು ಒಳ್ಳೆಯ ಗುಣ ಎನ್ನುತ್ತಿದ್ದರೇನೋ. ಏಳನೇ ತರಗತಿಯ ಬಿ ವಿಭಾಗಕ್ಕೆ ಗಣಿತ ಹೇಳಿಕೊಡುವವರಲ್ಲಿ ಅದು ಅಡುಗೆಯವನಿಗೆ ಮೂಗಿಲ್ಲದಷ್ಟು ದೊಡ್ಡ ಕೊರತೆ ಎಂದು ಶಾಲೆಯವರೆಲ್ಲ ತೀರ್ಮಾನಿಸಿದ್ದರು. ಎಲ್ಲಿ ಒತ್ತಿದರೂ ಒಳಕ್ಕೆ ಹೋಗುತ್ತಾರೆ ಎಂದು ಮಕ್ಕಳೇ ಇಟ್ಟ ಹೆಸರು ಹತ್ತಿ ಮೇಷ್ಟ್ರು. ಆರು ವರ್ಷದಿಂದ ಅವರು ಹಂಗಾಮಿ. ಹೊಸದಾಗಿ ಬಂದಿರುವ ಇನ್‌ಸ್ಪೆಕ್ಟರ್ ಮೇಡಂ ಇವತ್ತು ಅವರ ಪಾಠ ನೋಡಿ, ಕಾಯಂ ಮಾಡಬೇಕೋ ಬೇಡವೋ ಎಂದು ಹೇಳುವವರಿದ್ದರು.

ಬೆಳಗ್ಗೆ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತು, "ರೀ, ಒಂದ್ಸಲ ನನ್ ಮೇಲೆ ರೇಗಿ ನೋಡೋಣ. ಅಭ್ಯಾಸ ಆಗ್ಲಿ," ಎಂದಳು.

ಮೇಷ್ಟ್ರು ಹುಬ್ಬು ಗಂಟು ಹಾಕಿದರು. "ಏನೇ ಇದು, ಚಹಾ ಇಷ್ಟು ತಣ್ಣಗಿದೆ?" ಎಂದು ಗಂಟಲು ದಪ್ಪ ಮಾಡಿ ಕೇಳಿದರು. ಅವಳ ಮುಖ ನೋಡಿದರು. "ಪರವಾಗಿಲ್ಲ ಬಿಡು, ನಂಗೆ ತಣ್ಣಗಿದ್ರೇ ಇಷ್ಟ," ಎಂದು ಒಂದೇ ಗುಟುಕಿಗೆ ಕುಡಿದುಬಿಟ್ಟರು. ಚಹಾ ಸುಡುತ್ತಿತ್ತು.

ಹೆಂಡತಿ ಹಣೆ ಚಚ್ಚಿಕೊಂಡಳು. ಮೂಲೆಯ ಕುರ್ಚಿಯಿಂದ ಮಾವನವರು, "ಅಳಿಯಂದಿರೇ, ಆರು ವರ್ಷ ಹಂಗಾಮಿ ಅಂದ್ರೆ ಪ್ಲಾಟ್‌ಫಾರಂ ಮೇಲೆ ಸಂಸಾರ ಹೂಡಿದ ಹಾಗೆ. ರೈಲು ಹತ್ತಿ, ಇಲ್ಲಾ ಮನೆಗೆ ಬನ್ನಿ," ಎಂದರು. ಅದು ಅವರು ದಿನವೂ ಹೇಳುವ ಮಾತು. ಇವತ್ತು ಮಾತ್ರ ಅದಕ್ಕೆ ಹೊಸದಾಗಿ ಹಲ್ಲು ಬಂದಿತ್ತು.

ಶಾಲೆಯ ಶಿಕ್ಷಕರ ಕೋಣೆಯಲ್ಲಿ ಹೆಡ್‌ಮಾಸ್ಟರು ಬಾಗಿಲಲ್ಲೇ ಹಿಡಿದರು. "ಹೋದ ವರ್ಷ ಬಂದಿದ್ದ ಸಾಹೇಬ್ರು ನಿಮ್ಮ ಕ್ಲಾಸಿನ ಬಗ್ಗೆ ಏನಂದ್ರು, ನೆನಪಿದೆಯೇನ್ರೀ? 'ಇದು ಪಾಠವೋ ಸಂತೆಯೋ' ಅಂದ್ರು. ಇವತ್ತು ಸೂಜಿ ಬಿದ್ದರೂ ಕೇಳಿಸಬೇಕು. ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ."

"ಬೈದು ಹೇಳೋರು ಬದುಕೋಕೆ ಹೇಳ್ತಾರೆ, ನಗ್ತಾ ಹೇಳೋರು ಕೆಡೋಕೆ ಹೇಳ್ತಾರೆ," ಎಂದರು ಡ್ರಿಲ್ ಮೇಷ್ಟ್ರು, ಕತ್ತಿನಲ್ಲಿದ್ದ ಸೀಟಿಯನ್ನು ಮಂತ್ರದಂಡದ ಹಾಗೆ ತಿರುಗಿಸುತ್ತ. "ಮಗು ಅಂದ್ಮೇಲೆ ಹೆದರಬೇಕು ಸಾರ್. ಹೆದರಿಕೆ ಇಲ್ದೆ ವಿದ್ಯೆ ಎಲ್ಲಿಂದ ಬರುತ್ತೆ?"

"ಗಂಟು ಬಿದ್ದ ನೂಲನ್ನ ನಾನಂತೂ ಯಾವತ್ತೂ ಬೈದು ಬಿಡಿಸಿಲ್ಲಪ್ಪ," ಎಂದರು ಹೊಲಿಗೆ ಮೇಡಂ ತಲೆ ಎತ್ತದೆ.

"ನೂಲು ಹಿಂದಿನ ಬೆಂಚಲ್ಲಿ ಕೂತು ಕಾಗದದ ರಾಕೆಟ್ ಬಿಡಲ್ಲ ಮೇಡಂ!"

ಈ ಜಗಳದ ನಡುವೆ ಇಕ್ಕಳ ಮೇಷ್ಟ್ರು ಎದ್ದು ಬಂದರು. ಪಕ್ಕದ ಎ ವಿಭಾಗಕ್ಕೆ ಇತಿಹಾಸ ಹೇಳುವ ಇವರು ಹುಡುಗರ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದರೆ ರಾಜರ ಹೆಸರೆಲ್ಲ ತಾವಾಗಿ ಹೊರಗೆ ಬೀಳುತ್ತಿದ್ದವು. ಇಪ್ಪತ್ತು ವರ್ಷದಿಂದ ಅವರ ಕಂಕುಳಲ್ಲಿ ಒಂದೇ ಬೆತ್ತ. ಊಟಕ್ಕೆ ಕೂತಾಗಲೂ ಅದು ತೊಡೆಯ ಮೇಲಿರುತ್ತಿತ್ತು. ಆ ಬೆತ್ತವನ್ನು ಅವರು ಎರಡೂ ಕೈಯಲ್ಲಿ ಹಿಡಿದು ಹತ್ತಿ ಮೇಷ್ಟ್ರ ಮುಂದೆ ಚಾಚಿದರು.

"ತಗೊಳ್ಳಿ. ಇವತ್ತೊಂದಿನ ಇದು ನಿಮ್ಮ ಮೇಜಿನ ಮೇಲಿರಲಿ. ನೀವು ಏನೂ ಮಾಡಬೇಡಿ, ಇದೇ ಎಲ್ಲಾ ಮಾಡುತ್ತೆ."

"ನಿಮಗೆ ಬೇಡ್ವಾ ಸಾರ್?"

"ನನಗೇನು? ನನ್ನ ಮುಖವೇ ಸಾಕು. ನೀವು ಪಾಪ, ಹೆಂಡತಿ ಮಕ್ಕಳಿರೋರು."

ಹತ್ತಿ ಮೇಷ್ಟ್ರಿಗೆ ಮಕ್ಕಳಿರಲಿಲ್ಲ. ಆದರೂ ಅವರ ಕಣ್ಣು ತೇವವಾಯಿತು. ಇಂಥ ಮನುಷ್ಯನನ್ನು ಕಟುಕ ಎಂದುಕೊಂಡಿದ್ದೆನಲ್ಲ ಎಂದು ನಾಚಿದರು.

ಬಿ ವಿಭಾಗದಲ್ಲಿ ಬೆತ್ತವನ್ನು ಕಂಡ ಮಕ್ಕಳು ಮೊದಲು ಸುಮ್ಮನಾದರು. ಆಮೇಲೆ ಅದನ್ನು ಹಿಡಿದವರು ಯಾರೆಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಾರ್, ಯಾವುದಾದ್ರೂ ನಾಯಿ ಅಟ್ಟಿಸ್ಕೊಂಡು ಬಂತಾ?" ಎಂದು ಕೇಳಿದವನು ಮುಂದಿನ ಬೆಂಚಿನ ಪ್ಲಾಸ್ಟರ್ ಹುಡುಗ. ಆಟದ ಬಯಲಿನ ಗೋಡೆ ಹತ್ತಿ ಬಿದ್ದು ಬಲಗೈ ಮುರಿದುಕೊಂಡಿದ್ದ. ಆ ಪ್ಲಾಸ್ಟರ್ ಮೇಲೆ ಹತ್ತಿ ಮೇಷ್ಟ್ರೇ ಭಿನ್ನರಾಶಿಯ ಲೆಕ್ಕ ಬರೆದುಕೊಟ್ಟಿದ್ದರು. ಮಲಗಿದಾಗಲೂ ಬಿಡಿಸಬಹುದಲ್ಲ ಎಂದು.

"ಬಾಯ್ಮುಚ್ಚು!" ಎಂದು ಮೇಷ್ಟ್ರು ಬೆತ್ತವನ್ನು ಮೇಜಿನ ಮೇಲೆ ಅಪ್ಪಳಿಸಿದರು. ಇಪ್ಪತ್ತು ವರ್ಷದ ಬೆತ್ತ ಎರಡು ತುಂಡಾಯಿತು. ಅದರ ಸಿಬಿರು ಅವರ ಅಂಗೈಗೇ ನೆಟ್ಟು ರಕ್ತ ಬಂತು. ಮಕ್ಕಳು ಎದ್ದು ಓಡಿ ಬಂದರು. ಒಬ್ಬಳು ಸಿಬಿರು ಕಿತ್ತಳು, ಇನ್ನೊಬ್ಬ ಅವರದೇ ಕರವಸ್ತ್ರ ಸುತ್ತಿದ.

"ಯಾಕ್ ಸಾರ್ ಇದೆಲ್ಲ?" ಎಂದಳು ಶಾಲೆಯ ನಾಟಕದಲ್ಲಿ ಪ್ರತಿ ವರ್ಷ ರಾಣಿಯಾಗುವ ಹುಡುಗಿ.

ಸುಳ್ಳು ಹೇಳಲೂ ಸ್ವಲ್ಪ ಸಿಟ್ಟು ಬೇಕು. ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಮೇಡಂ ಬರ್ತಾರೆ. ನಾನು ಸ್ಟ್ರಿಕ್ಟು ಅಂತ ಅವರಿಗೆ ಅನ್ನಿಸ್ಬೇಕು. ಇಲ್ದಿದ್ರೆ ಮುಂದಿನ ತಿಂಗಳಿಂದ ನಾನು ಬರಲ್ಲ."

ತರಗತಿಯಲ್ಲಿ ಮೊದಲ ಬಾರಿಗೆ ಸೂಜಿ ಬಿದ್ದರೂ ಕೇಳಿಸುವಂಥ ಮೌನ ಹುಟ್ಟಿತು. ರಾಣಿ ಬೆಂಚುಗಳನ್ನೆಲ್ಲ ಒಮ್ಮೆ ನೋಡಿದಳು, ಸೈನ್ಯ ನೋಡುವ ಹಾಗೆ.

"ಸಾರ್, ಸಿಟ್ಟು ನಿಮ್ಮ ಕೈಲಿ ಆಗಲ್ಲ. ನೀವು ಸುಮ್ನೆ ಲೆಕ್ಕ ಹೇಳಿ. ಹೆದರೋ ಕೆಲಸ ನಮಗೆ ಬಿಡಿ."

ಮೇಡಂ ಬಂದರು. ದಪ್ಪ ಕನ್ನಡಕ, ಮೆಲು ದನಿ. ಅವರ ಹಿಂದೆ ಹೆಡ್‌ಮಾಸ್ಟರು. ಬಾಗಿಲು ತೆರೆದದ್ದೇ ತಡ, ಇಡೀ ತರಗತಿ ಒಂದೇ ಸದ್ದಿನಲ್ಲಿ ಎದ್ದು ನಿಂತು ತಲೆ ತಗ್ಗಿಸಿತು. ಮೇಡಂ ಕೂರಿ ಎಂದರೂ ಯಾರೂ ಕೂರಲಿಲ್ಲ. ಎಲ್ಲರೂ ಹತ್ತಿ ಮೇಷ್ಟ್ರ ಕಣ್ಣನ್ನೇ ನೋಡಿದರು. ಅವರು ತಲೆಯಾಡಿಸಿದ ಮೇಲೆ ಕೂತರು. ಹೆಡ್‌ಮಾಸ್ಟರ ಎದೆ ಉಬ್ಬಿತು. ಮೇಷ್ಟ್ರು ಮನಸ್ಸಿನಲ್ಲೇ 'ದೇವರೇ!' ಎಂದುಕೊಂಡರು. ಮೇಡಂ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು.

"ನಾಲ್ಕನೇ ಮೂರರಿಂದ ಮೂರನೇ ಒಂದನ್ನ ಕಳೆದ್ರೆ ಎಷ್ಟಮ್ಮಾ?" ಎಂದು ರಾಣಿಯನ್ನು ಕೇಳಿದರು.

"ಹನ್ನೆರಡರಲ್ಲಿ ಐದು ಭಾಗ, ಮೇಡಂ," ಎಂದಳು ರಾಣಿ. ಅವಳ ತುಟಿ ನಡುಗಿತು. ಒಂದು ಹನಿ ಕಣ್ಣೀರು ಸರಿಯಾಗಿ ಪುಸ್ತಕದ ಮೇಲೆ ಬಿತ್ತು. ನಾಟಕದಲ್ಲಿ ಆ ಹನಿಗೆ ಚಪ್ಪಾಳೆ ಬೀಳುತ್ತಿತ್ತು.

ಕೇಳಿದ ಲೆಕ್ಕಕ್ಕೆಲ್ಲ ಉತ್ತರ ಬಂತು, ಎಲ್ಲವೂ ಸರಿ. ಹೇಳಿದವರೆಲ್ಲ ನಡುಗುತ್ತಿದ್ದರು. ಹಿಂದಿನ ಬೆಂಚಿನವನೊಬ್ಬ ಉತ್ಸಾಹ ತಡೆಯಲಾರದೆ ಉತ್ತರ ಹೇಳಿದ ಮೇಲೆ ತಾನಾಗಿಯೇ ಅಂಗೈ ಚಾಚಿ ಕಣ್ಣು ಮುಚ್ಚಿಕೊಂಡ.

ಮೇಡಂ ಪ್ಲಾಸ್ಟರ್ ಹುಡುಗನ ಹತ್ತಿರ ಬಗ್ಗಿದರು. "ಕೈಗೆ ಏನಾಯ್ತು ಮರಿ?"

ಅವನು ಮೇಷ್ಟ್ರನ್ನು ನೋಡಿದ. ಉಗುಳು ನುಂಗಿದ. "ಗೋ... ಗೋಡೆಯಿಂದ ಬಿದ್ದೆ ಮೇಡಂ."

ನಿಜವನ್ನು ಅಷ್ಟೊಂದು ಸುಳ್ಳಾಗಿ ಯಾರೂ ಹೇಳಿರಲಿಲ್ಲ.

ಮೇಡಂ ನೆಟ್ಟಗಾದರು. ಮೇಜಿನ ಮೇಲಿದ್ದ ಬೆತ್ತದ ಎರಡು ತುಂಡು ನೋಡಿದರು. ಮೇಜಿನ ಮೇಲಿನ ರಕ್ತದ ಕಲೆ ನೋಡಿದರು. ಬೆತ್ತ ಮುರಿಯುವ ತನಕ... ಎಂಬ ಲೆಕ್ಕ ಅವರ ಹಣೆಯ ಮೇಲೆ ಮೂಡಿದ್ದು ಹತ್ತಿ ಮೇಷ್ಟ್ರಿಗೂ ಕಂಡಿತು.

"ಮೇಡಂ, ಇದು ನನ್ನ ರಕ್ತ! ಮಕ್ಕಳೇ, ಹೇಳ್ರೋ, ನಾನು ಯಾವತ್ತಾದ್ರೂ ಹೊಡೆದಿದ್ದೀನಾ?"

ಇದೂ ನಾಟಕದ ಭಾಗವೇ ಇರಬೇಕೆಂದು ಮಕ್ಕಳು ತಿಳಿದರು. ಬೆನ್ನು ನೆಟ್ಟಗೆ ಮಾಡಿ, ಒಂದೇ ರಾಗದಲ್ಲಿ, ಗೋಡೆಯ ಸುಣ್ಣ ಉದುರುವಂತೆ ಕೂಗಿದರು: "ಇಲ್ಲಾ ಸಾರ್!"

"ಚೆನ್ನಾಗಿ ಬಾಯಿಪಾಠ ಮಾಡಿಸಿದ್ದೀರಿ," ಎಂದರು ಮೇಡಂ ಮೆಲ್ಲಗೆ.

ಅಷ್ಟರಲ್ಲಿ ಪಕ್ಕದ ಎ ವಿಭಾಗದಿಂದ ನಗು ಕೇಳಿಬಂತು. ನಿಂತಿತು, ಮತ್ತೆ ಬಂತು. ಅಲೆಯ ಹಾಗೆ, ಸಮಯಕ್ಕೆ ಸರಿಯಾಗಿ. ಮೇಡಂ ಮುಖ ಅರಳಿತು. "ಅಲ್ಲಿಗೆ ಹೋಗೋಣ," ಎಂದು ಹೊರಟರು.

ಎ ವಿಭಾಗದಲ್ಲಿ ಇಕ್ಕಳ ಮೇಷ್ಟ್ರು ಒಬ್ಬ ಹುಡುಗನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. ಬೆರಳು ಕಿವಿಗೆ ಹತ್ತಿರವೇ ಇತ್ತು. ಮಕ್ಕಳೆಲ್ಲ ನಗುತ್ತಿದ್ದರು. ಮೇಡಂ ಒಬ್ಬ ರಾಜನ ಹೆಸರು ಕೇಳಿದರು. ಒಬ್ಬರಿಗೂ ಬರಲಿಲ್ಲ. ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಮೊದಲ ಸಾಲಿನವನೊಬ್ಬ ನಗುನಗುತ್ತಲೇ ಬೆವರು ಒರೆಸಿಕೊಳ್ಳುತ್ತಿದ್ದ.

"ಹೆಸರು ನಾಳೆ ಬರುತ್ತೆ," ಎಂದರು ಮೇಡಂ. "ನಗು ಮುಖ್ಯ. ಬೆತ್ತವಿಲ್ಲದ ಕೈ ನೋಡಿ, ಎಷ್ಟು ಹಗುರ!"

ಸಂಜೆ ಹೆಡ್‌ಮಾಸ್ಟರ ಕೋಣೆಯಲ್ಲಿ ತೀರ್ಪಾಯಿತು. ಹತ್ತಿ ಮೇಷ್ಟ್ರು ಕಾಯಂ ಇಲ್ಲ. ನಾಳೆಯಿಂದ ಬಿ ವಿಭಾಗವೂ ಇಕ್ಕಳ ಮೇಷ್ಟ್ರಿಗೆ. ಹತ್ತಿ ಮೇಷ್ಟ್ರು ಅವರ ತರಗತಿಯ ಕೊನೆಯ ಬೆಂಚಿನಲ್ಲಿ ಒಂದು ವರ್ಷ ಕೂತು, ಮಕ್ಕಳನ್ನು ಪ್ರೀತಿಸುವುದು ಹೇಗೆಂದು ಕಲಿಯಬೇಕು. ಕಲಿತರೆ ಆಮೇಲೆ ನೋಡೋಣ.

"ನಾನೂ ಎಷ್ಟೋ ಸಲ ಬುದ್ಧಿ ಹೇಳಿದ್ದೆ ಮೇಡಂ," ಎಂದರು ಹೆಡ್‌ಮಾಸ್ಟರು. "ಮಕ್ಕಳ ಜೊತೆ ನಗ್ತಾ ಇರ್ರೀ ಅಂತ."

ಆಗ ಬಂತು ಸಿಟ್ಟು. ಹುಟ್ಟಿದಾಗಿನಿಂದ ಬರದೆ ಉಳಿದದ್ದೆಲ್ಲ ಒಟ್ಟಿಗೆ ಬಂತು. ಮೇಷ್ಟ್ರ ಕಿವಿ ಕಾದವು, ಮೂಗಿನ ಹೊಳ್ಳೆ ಅರಳಿದವು, ಮುಷ್ಟಿ ಬಿಗಿಯಿತು. ಬಾಯಿ ತೆರೆದರು.

ಮೇಡಂ ಹೆಡ್‌ಮಾಸ್ಟರ ಕಡೆ ತಿರುಗಿ, "ನೋಡಿ, ಈ ಮುಖ. ಪಾಪ, ಆ ಮಕ್ಕಳು ದಿನಾ ನೋಡೋದು ಇದನ್ನೇ," ಎಂದರು.

ಮೇಷ್ಟ್ರು ಬಾಯಿ ಮುಚ್ಚಿದರು.

ಹೊರಗೆ ಮೆಟ್ಟಿಲ ಮೇಲೆ ಬಿ ವಿಭಾಗದವರು ಮನೆಗೂ ಹೋಗದೆ ಕಾದಿದ್ದರು. ಎಲ್ಲರ ಮುಂದೆ ರಾಣಿ. "ಸಾರ್, ನಾವು ಚೆನ್ನಾಗಿ ಹೆದರಿದ್ವಾ?"

"ತುಂಬಾ ಚೆನ್ನಾಗಿ ಹೆದರಿದ್ರಿ," ಎಂದರು ಹತ್ತಿ ಮೇಷ್ಟ್ರು. ಮಕ್ಕಳು ಹೋ ಎಂದು ಕೂಗುತ್ತ ಗೇಟಿನ ಕಡೆ ಓಡಿದರು. ನಾಳೆ ತಮಗೆ ಯಾರು ಬರುತ್ತಾರೆಂದು ಅವರಿಗಿನ್ನೂ ಗೊತ್ತಿರಲಿಲ್ಲ.

ಗೇಟಿನ ಬಳಿ ಇಕ್ಕಳ ಮೇಷ್ಟ್ರು ಸಿಕ್ಕಿದರು. ಮೇಡಂ ಅವರ ಕಾರಿನ ಡ್ರೈವರನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು, ಈ ಸಲ ನಿಜವಾದ ಪ್ರೀತಿಯಿಂದ.

"ನನ್ನ ಭಾವಮೈದ," ಎಂದು ಪರಿಚಯ ಮಾಡಿಸಿದರು. "ನೆನ್ನೆ ರಾತ್ರಿ ಹೇಳ್ದ, ಮೇಡಂಗೆ ಬೆತ್ತ ಕಂಡ್ರೆ ಆಗಲ್ಲ, ನಗೋ ಮಕ್ಕಳು ಬೇಕು ಅಂತ. ಅದಕ್ಕೇ ಬೆಳಗ್ಗೆ ಹುಡುಗರಿಗೆ ಹೇಳಿಟ್ಟಿದ್ದೆ, ಇವತ್ತು ನಗು ನಿಲ್ಲಿಸಿದವನ ಕಿವಿ ನಾಳೆ ಇರಲ್ಲ ಅಂತ." ಆಮೇಲೆ ದನಿ ತಗ್ಗಿಸಿದರು. "ಅಂದ ಹಾಗೆ ನನ್ನ ಬೆತ್ತ ಮುರಿದ್ರಂತೆ. ಪರವಾಗಿಲ್ಲ. ನಾಳೆ ಮೊದಲ ಪೀರಿಯಡ್‌ಗೆ ಮುಂಚೆ ಅಂಥದ್ದೇ ಒಂದು ತಂದುಕೊಡಿ. ಈಗ ಎರಡು ಕ್ಲಾಸು ನೋಡ್ಕೋಬೇಕಲ್ಲ."

ಮೇಷ್ಟ್ರು ಆಗಲಿ ಎಂದರು. ಬಂದಿದ್ದ ಸಿಟ್ಟು ಅಷ್ಟರಲ್ಲಿ ಹೊರಟುಹೋಗಿತ್ತು.

ಆ ದಿನ ಹೋದದ್ದು ಒಂದು ಕಾಯಂ ಕೆಲಸ, ಒಂದು ತರಗತಿ, ಒಂದು ಕರವಸ್ತ್ರ, ಒಂದು ಬೆತ್ತ. ಇದರಲ್ಲಿ ಬೆತ್ತ ಒಂದು ಮಾತ್ರ ಮತ್ತೆ ಸಿಗುವಂಥದ್ದು.